ಕುಬರಾಳ ಅಂಗಳದ ಒಲೆ

ಬೀದರ, ಚೌಬಾರಾ ಹತ್ತಿರ
೪ ಡಿಸೆಂಬರ ೧೯೪೯

ನನ್ನ ಮುದ್ದು ಮಗ ಮನ್ಮಥನಿಗೆ ಅವ್ವನ ಆಶೀರ್ವಾದ.

ಕೆಮ್ಮು ಹೇಗಿದೆ? ಸೊಲ್ಲಾಪುರದ ಗಿರಣಿಯ ಹತ್ತಿಧೂಳು ನಿನಗೆ ಆಗಿಬರುವುದಿಲ್ಲ. ನೀನು ಬರೆಯದಿದ್ದರೂ ನನಗೆ ಗೊತ್ತಾಗುತ್ತದೆ. ಹಿಪ್ಪಲಿಯನ್ನು ಜೇನಿನಲ್ಲಿ ಕಲಸಿ ನೆಕ್ಕು, ಸೋಮಾರಿತನ ಮಾಡಬೇಡ. ನಾನು ಗಟ್ಟಿಯಾಗಿದ್ದೇನೆ. ಪೊಲೀಸ್ ಆಕ್ಷನ್ ಆದ ವರ್ಷ ನಮ್ಮ ಓಣಿಯಲ್ಲಿ ನಾಯಿಯೂ ಹಾಯುತ್ತಿರಲಿಲ್ಲ. ಈಗ ಕೋಟೆ ನೋಡಲು, ಝರಣಿಯ ನರಸಿಂಹನ ಗುಡಿಗೆ ಹೋಗಲು ಪರಊರಿನವರು ಮತ್ತೆ ಬರತೊಡಗಿದ್ದಾರೆ. ನಮ್ಮ ಖಾನಾವಳಿಯ ಒಲೆ ಆರುವುದೇ ಇಲ್ಲ.

ಈಗ ಜಗಳಕ್ಕೆ ಬರುತ್ತೇನೆ. 'ನಿಜಾಮೋದ್ದೀನನ ಟಾಂಗಾದಾಗ ಗಿರಾಕಿಗೋಳಿಗಿ ಕಳಸೋದು ಬಿಡು, ಅಂದ್ರ ಮನಿಗಿ ಬರ್ತೇನಿ' ಎಂದು ಬರೆದಿದ್ದೀಯ. ರಜಾಕಾರರು ನಿನ್ನ ಅರಿವೆ ಅಂಗಡಿ ಸುಟ್ಟರು. ನನ್ನ ಹೊಟ್ಟೆಯೂ ಉರಿದಿದೆ, ಕಂದಾ. ಆದರೆ ಸುಟ್ಟವನು ಇವನಲ್ಲ. ಆಮೇಲಿನ ಗದ್ದಲದಲ್ಲಿ ಇವನ ತಮ್ಮನ ಜೀವವೂ ಹೋಯಿತು. ಟಾಂಗಾಕ್ಕೆ ಯಾರೂ ಹತ್ತದಿದ್ದರೆ ಕುದುರೆ ಮಾರಿ ಊರು ಬಿಡುತ್ತೇನೆ ಎನ್ನುತ್ತಿದ್ದ.

ಹೋದ ಸೋಮವಾರ ಉದಗೀರದ ಸುಂದರಬಾಯಿ ಎಂಬ ಅಜ್ಜಿ ಮಗನೊಂದಿಗೆ ಝರಣಿಗೆಂದು ಬಂದಿದ್ದಳು. ಅವರ ಮನೆಯೂ ಸುಟ್ಟದ್ದೇ. ನಿಜಾಮೋದ್ದೀನನ ಟೋಪಿ ಕಂಡದ್ದೇ ತಡ, ಆ ಮಗ ಥೇಟ್ ನಿನ್ನ ಹಾಗೆಯೇ ಮುಖ ಸಿಂಡರಿಸಿದ. ನಾನು ಸೆರಗು ಬಿಗಿದು ಮೊದಲು ಹತ್ತಿ ಕುಳಿತೆ. 'ಬರ್ರಿ, ನನಗೂ ಝರಣಿಗಿ ಹೋಗೋದದ' ಎಂದೆ. ಅಜ್ಜಿ ಹತ್ತಿದಳು. ಮಗ ಗೊಣಗುತ್ತ ಹತ್ತಿದ.

ಹೊಳ್ಳಿ ಬರುವಾಗ ಗಾಲಿಯ ಕೀಲು ಮುರಿಯಿತು. ನಿಜಾಮೋದ್ದೀನನ ಮನೆ ಹತ್ತಿರವೇ ಇತ್ತು, ಅಲ್ಲಿಗೆ ನಡೆದೆವು. ಹೊತ್ತು ನೆತ್ತಿಗೇರಿತ್ತು, ಎಲ್ಲರಿಗೂ ಹಸಿವು. ನಮ್ಮವರು ಅವರ ಕೈಯಡುಗೆ ಉಣ್ಣುವುದಿಲ್ಲವೆಂದು ಅವನ ಹೆಂಡತಿ ಕುಬರಾಗೆ ಗೊತ್ತಿಲ್ಲವೇ? ಅವಳ ಅತ್ತೆಯ ಕಾಲದಿಂದಲೂ ಆ ಮನೆಯಲ್ಲಿ ನಮ್ಮಂಥ ಅತಿಥಿಗಳಿಗೆ ಶಿಧಾ ಕೊಡುವ ರೂಢಿ. ಜೋಳದ ಹಿಟ್ಟು, ಬೇಳೆ, ಉಪ್ಪು, ಖಾರ ಎಲ್ಲವನ್ನೂ ಹಸಿಯಾಗಿಯೇ ಮೊರದಲ್ಲಿಟ್ಟು ತಂದಳು. ಹೊಸ ಗಡಿಗೆ ಕೊಟ್ಟು, ಅಂಗಳದಲ್ಲಿ ಮೂರು ಕಲ್ಲು ಹೂಡಿದಳು. 'ನೀವೇ ಬೇಯಿಸ್ಕೋರಿ ಅವ್ವಾ, ನಾ ಮುಟ್ಟೋದಿಲ್ರಿ' ಎಂದು ದೂರ ಹೋಗಿ ನಿಂತಳು.

ಅಜ್ಜಿ ರೊಟ್ಟಿ ಬಡಿದಳು, ಬೇಳೆ ಕುದಿಸಿದಳು. ತಾನು ತುತ್ತು ಮುರಿಯುವ ಮೊದಲು ಒಂದು ರೊಟ್ಟಿಯ ಮೇಲೆ ಬೇಳೆ ಸುರಿದು ಕುಬರಾಳ ಮುಂದೆ ಹಿಡಿದಳು. 'ತಗೋ ಮಗಳ, ನೀ ಉಪಾಸ ನಿಂತ್ರ ನಮಗ ಗಂಟಲಾಗ ಹ್ಯಾಂಗ ಇಳೀತದ?' ಎಂದಳು. ಕುಬರಾ ಅಳುತ್ತಲೇ ತಿಂದಳು. ನನಗೂ ಅಳು ಬಂತು. ಅಜ್ಜಿಯ ಮಗ ಉಂಡಮೇಲೆ ಹೋಗಿ ನಿಜಾಮೋದ್ದೀನನ ಜೊತೆ ಗಾಲಿಗೆ ಕೈ ಹಚ್ಚಿದ. ನಿನ್ನೆ ಉದಗೀರದಿಂದ ಮತ್ತೊಂದು ಮನೆಯವರು ಬಂದು, ಅಜ್ಜಿ ಹೇಳಿದ್ದಾಳೆಂದು ಇವನ ಟಾಂಗಾವನ್ನೇ ಕೇಳಿದರು.

ಅದಕ್ಕೇ ಹೇಳುತ್ತೇನೆ, ಇವರನ್ನು ನಾನು ಬಿಡುವುದಿಲ್ಲ. ನೀನಿಲ್ಲದೆಯೂ ನನ್ನಿಂದ ಆಗುವುದಿಲ್ಲ. ಸಿಟ್ಟು ಬಂದರೆ ಬರಲಿ, ಆದರೆ ಮೈ ಮಾತ್ರ ಜೋಪಾನ. ಬಸವಣ್ಣ ನಿನ್ನನ್ನು ತಂಪಾಗಿಡಲಿ.

ನಿನ್ನ ಅವ್ವ,
ಅನುಸೂಯಾಬಾಯಿ

ತಾ.ಕ.: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ. ಎಳ್ಳಮಾಸಿ ಹಬ್ಬಕ್ಕೆ ನೀನು ಬರುತ್ತೀಯೆಂದು ಎಲ್ಲರಿಗೂ ಹೇಳಿಬಿಟ್ಟಿದ್ದೇನೆ. 'ಮನ್ಮಥ ಭಯ್ಯಾಗ ಶಿಧಾ ಇಡ್ಲ್ಯಾ, ಅಡಗಿ ಮಾಡ್ಲ್ಯಾ?' ಎಂದು ಕುಬರಾ ನಮ್ಮನ್ನು ತನ್ನ ಮನೆಗೆ ಊಟಕ್ಕೆ ಕರೆದು ಕೇಳಿದಳು. ಅಡುಗೆಯನ್ನೇ ಮಾಡು ಎಂದೆ. ನಾನು ಉಣ್ಣುತ್ತೇನೆ. ನಿನಗೆ ಆಗದಿದ್ದರೆ ಉಣ್ಣಬೇಡ. ಬಂದು ನನ್ನ ಪಕ್ಕದಲ್ಲಿ ಕುಳಿತುಕೋ, ಸಾಕು.