ಹಿತ್ತಲ ಬಾಗಿಲಿನ ತತ್ವಪದ

ಕೊಪ್ಪಳ
ತಾ. ೨೫-೧೦-೧೯೪೧, ಶನಿವಾರ

ತಾಯಿಯ ಜಾಗದಲ್ಲಿರುವ ಅತ್ತೆ ಶೇಖರಮ್ಮನವರಿಗೆ,

ಅಳಿಯ ಅಂದಪ್ಪ ಇಲ್ಲಿಂದಲೇ ಕುಷ್ಟಗಿಯ ದಿಕ್ಕಿಗೆ ಬಾಗಿ ಶರಣು ಮಾಡಿದ್ದೇನೆ. ಮೊದಲು ನಿಮ್ಮ ಮೊಣಕಾಲಿನ ಖಬರು ತಿಳಿಸಿರಿ. ಎಕ್ಕದ ಎಲೆ ಕಾಸಿ ಕಟ್ಟಿದ್ದರಿಂದ ಬಾವು ಇಳಿಯಿತೋ ಇಲ್ಲವೋ? ಥಂಡಿ ಶುರುವಾಯಿತು. ನಸುಕಿನಲ್ಲೆದ್ದು ತಣ್ಣೀರು ಸುರುವಿಕೊಂಡು ಲಿಂಗಪೂಜೆಗೆ ಕೂಡುವ ಹಟವನ್ನು ಈ ವರ್ಷವಾದರೂ ಬಿಡಿರಿ. ಬಿಸಿನೀರು ಮುಟ್ಟಿದರೆ ಶಿವನೇನೂ ಮುನಿಸಿಕೊಳ್ಳುವುದಿಲ್ಲ. ಹುಡುಗ ಈಶಪ್ಪನಿಗೆ ಈ ದಿನಗಳಲ್ಲಿ ಕೆಮ್ಮು ಹತ್ತುತ್ತದೆ. ಎದೆಗೆ ಬಿಸಿ ಎಣ್ಣೆ ತಿಕ್ಕಲು ಹೋದರೆ ಕಚಗುಳಿ ಅಂತ ಹೊರಳಾಡುತ್ತಾನೆ, ಬಿಡಬೇಡಿರಿ. ನಿಮಗೆ ಓದು ಬಾರದು, ಆದ್ದರಿಂದ ಈ ಪತ್ರವನ್ನು ನಿಮ್ಮ ಮೊಮ್ಮಗಳು ಅನ್ನಮ್ಮನೇ ಓದಿ ಹೇಳುತ್ತಾಳೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಇಲ್ಲಿಯ ಸಾಲಿಯಲ್ಲಿ ಎಲ್ಲವೂ ಉರ್ದು. ಕನ್ನಡ ಅಕ್ಷರವನ್ನು ಅವಳಿಗೆ ನಾನೇ ಮನೆಯಲ್ಲಿ ತಿದ್ದಿಸಿದ್ದು. ಅನ್ನೀ, ಒತ್ತಕ್ಷರ ನುಂಗಬೇಡ, ಆಯಿಗೆ ನಿಧಾನವಾಗಿ ಓದಿ ಹೇಳು. ನಿನ್ನ ಮೇಲೆ ನನಗೇನೂ ಸಿಟ್ಟಿಲ್ಲ ಅನ್ನುವುದನ್ನು ಎರಡು ಸಲ ಓದಿಕೋ.

ಇಲ್ಲಿಯ ಸುದ್ದಿ ಎಂದರೆ ಸುದ್ದಿ ಇಲ್ಲದಿರುವುದೇ ಸುದ್ದಿ. ಶೇಂಗಾ ಬರಲಿಕ್ಕೆ ಹತ್ತಿದೆ, ಅಡತಿ ಅಂಗಡಿಯಲ್ಲಿ ಹಗಲು ಹೇಗೋ ಕಳೆಯುತ್ತದೆ. ಸಂಜೆ ಕದ ತೆರೆದರೆ ಮನೆ ಎಷ್ಟು ದೊಡ್ಡದಾಗಿ ಕಾಣುತ್ತದೆಂದರೆ ಇಷ್ಟೊಂದು ಕಂಬಗಳನ್ನು ನಮ್ಮಪ್ಪ ಯಾಕೆ ನಿಲ್ಲಿಸಿದನೋ ಅನಿಸುತ್ತದೆ. ದೀಪಾವಳಿಯ ಹಟ್ಟಿ ಹಬ್ಬ ಬಂತು, ಹೋಯಿತು. ನೆರೆಮನೆಯ ಮುದುಕಮ್ಮ ಸಗಣಿಯ ಹಟ್ಟೆವ್ವನನ್ನು ಮಾಡುವಾಗ ನಮ್ಮ ಹೊಸ್ತಿಲಿಗೂ ಎರಡು ಮಾಡಿ ಹೂ ಸಿಕ್ಕಿಸಿ ಇಟ್ಟು ಹೋದಳು. “ಹುಡುಗ್ರಿಲ್ಲದ ಮನಿ ಅಂತ ಹಟ್ಟೆವ್ವ ದಾಟಿ ಹೋಗಬಾರದು ನೋಡಪಾ” ಅಂದಳು. ಹೋಳಿಗೆಯನ್ನೂ ಕೊಟ್ಟಳು. ತಿಂದೆ ಅಂತ ಸುಳ್ಳು ಹೇಳಿದೆ.

ಮೊನ್ನೆ ಗಾಡಿಯ ಬಾಬಾಸಾಬ ನಿಮ್ಮ ಊರಿನಿಂದ ತಿರುಗಿ ಬಂದವನು ಎತ್ತಿನ ಕೊರಳು ಬಿಚ್ಚುವ ಮೊದಲೇ ನಿಮ್ಮ ಮಾತನ್ನು ಒಪ್ಪಿಸಿದ: “ಆ ಹಾಡೋ ಪೆಟಗಿ ಮನಿಯಿಂದ ಹೊರಗ ಹಾಕು ಅಂತ ಹೇಳು. ಅದು ಹೊರಗ ಬಿದ್ದ ದಿನ ಹುಡುಗ್ರು ಒಳಗ ಬರ್ತಾವ.” ಒಪ್ಪಿಸಿ ಮುಗಿಸಿ, ಗಡ್ಡ ತುರಿಸಿಕೊಂಡು ತನ್ನದೊಂದು ಸೇರಿಸಿದ: “ಸಾವ್ಕಾರ್ರ, ನಿಮ್ಮ ಅತ್ತಿಯವ್ರು ಹೇಳೋ ರೀತಿ ನೋಡಿದ್ರ, ಪೆಟಗ್ಯಾಗ ಖರೇನ ಯಾರೋ ಹೆಣ್ಣಮಗಳು ಕುಂತಾಳಂತ ತಿಳಕೊಂಡಾರ ನೋಡ್ರಿ.” ನಕ್ಕೆ. ಅವನು ಹೋದ ಮೇಲೆ ಆ ಪೆಟ್ಟಿಗೆಯ ಮುಂದೆ ಕುಳಿತೆ. ಗ್ರಾಮಫೋನು ಇಟ್ಟುಕೊಂಡರೆ ಮಕ್ಕಳಿಲ್ಲ, ಮಕ್ಕಳು ಬೇಕಾದರೆ ಗ್ರಾಮಫೋನು ಇಲ್ಲ. ನಿಮ್ಮ ಹುಕುಂ ಚೊಕ್ಕವಾಗಿದೆ, ನನ್ನ ಮನಸ್ಸು ಅಷ್ಟು ಚೊಕ್ಕವಿಲ್ಲ.

ನಿಮ್ಮ ಸಿಟ್ಟಿಗೆ ಕಾರಣವಿಲ್ಲ ಅನ್ನುವುದಿಲ್ಲ. ಶ್ರಾವಣದ ಆ ಸೋಮವಾರ ಇಲ್ಲಿಯ ಮಠದಲ್ಲಿ ನೀವು ಹೆಂಗಸರ ಸಾಲಿನಲ್ಲಿ ಮುಂದೆಯೇ ಕುಳಿತಿದ್ದಿರಿ, ನಾನು ಕಂಬದ ಹಿಂದಿದ್ದೆ. ಸ್ವಾಮಿಗಳು ಮಕ್ಕಳ ಕಡೆ ತಿರುಗಿ “ಯಾರಿಗರೆ ತತ್ವಪದ ಬರ್ತಾವೇನ್ರೋ?” ಅಂದಾಗ ಅನ್ನಿ ಎದ್ದು ನಿಂತಳು. ನನ್ನ ಎದೆ ಹಿಗ್ಗಿತು. ನೀವೂ ಪಕ್ಕದವರಿಗೆ “ನಮ್ಮ ಮೊಮ್ಮಗಳು” ಅಂದಿರಿ. ಅವಳು ಕೈಮುಗಿದು, ಕಣ್ಣು ಮುಚ್ಚಿ ಶುರುಮಾಡಿದ್ದು ಇದನ್ನು:

ಹಿತ್ತಲ ಬಾಗಲ ಅಗಳಿ ತಗದೇನಿ ಮಾವಾ
ಸದ್ದಿಲ್ಲದಂಗ ಬಾರೊ
ಕುಬಸದ ಗಂಟು ಕಗ್ಗಂಟಾಗೇದ
ಕೈಯಾರ ಬಿಚ್ಚಿ ಹೋಗೊ

ನಾನು ಕಂಬದ ಮರೆಗೆ ಇನ್ನಷ್ಟು ಸರಿದೆ. ಹಾಡಿ ಸುಮ್ಮನೆ ಕುಳಿತಿದ್ದರೆ ಪಾರಾಗುತ್ತಿದ್ದೆವೋ ಏನೋ, ಅರ್ಥ ಬೇರೆ ಹೇಳಿದಳು. ಹಿತ್ತಲ ಬಾಗಿಲೆಂದರೆ ತಲೆಯ ಹಿಂದಿರುವ ಪಶ್ಚಿಮಚಕ್ರ, ಅಗಳಿ ಎಂದರೆ ಅಹಂಕಾರ, ಕುಬಸ ಎಂದರೆ ಈ ದೇಹ, ಕಗ್ಗಂಟು ಎಂದರೆ ಮಾಯೆ, ಮಾವ ಎಂದರೆ ಸಾಕ್ಷಾತ್ ಮಹಾದೇವ. ಹಿಂದೆ ಕುಳಿತ ಗಂಡಸರು ಘೊಳ್ಳೆಂದರು. ಅತ್ತೆಯವರೇ, ಆ ಪದವನ್ನು ಮೊದಲೇ ಕೇಳದವನು ಅಲ್ಲಿ ನಗಲಾರ. ನಕ್ಕವರೆಲ್ಲ ನನ್ನ ಪಾರ್ಟಿಯವರೇ. ಮುದುಕಮ್ಮ ಬಾಯಿಗೆ ಸೆರಗು ಒತ್ತಿಕೊಂಡು “ಅಯ್ಯ ಶಿವನ, ಇದು ಕಂಪನಿ ಹುಲಿಗವ್ವನ ಪದ ಅಲ್ಲೇನ!” ಅಂದದ್ದು ಮಠದ ತುಂಬ ಕೇಳಿಸಿತು. ಸ್ವಾಮಿಗಳು ಕಣ್ಣು ಮುಚ್ಚಿದರು. ಅದು ಧ್ಯಾನವೋ, ನಗೆ ತಡೆಯುವ ಪ್ರಯತ್ನವೋ ಹೇಳಲಾರೆ. ನೀವು ಎದ್ದು ಎರಡೂ ಮಕ್ಕಳ ಕೈ ಹಿಡಿದು ಹೊರಟುಬಿಟ್ಟಿರಿ. ಮರುದಿನ ಗಾಡಿ ಹೂಡುವಾಗ ನನ್ನ ಮುಖವನ್ನೂ ನೋಡದೆ, “ತಾಯಿಲ್ಲದ ಹೆಣ್ಣುಕೂಸಿಗೆ ಇಂಥಾವು ಕಲಿಸ್ತೀಯಲ್ಲಪಾ, ನಿನ್ನ ಕಾಲೇಜ ಇದನ್ನ ಕಲಿಸೇತೇನು?” ಅಂದಿರಿ. ಗಾಡಿ ಹೊರಟಿತು. ಅನ್ನಿ ಹಿಂದಿನಿಂದ ಬಗ್ಗಿ ಕೇಳಿದಳು, “ಅಪ್ಪಾ, ಅದು ತತ್ವಪದ ಅಲ್ಲೇನು? ಅವ್ವ ಸುಳ್ಳು ಹೇಳಿದ್ಲೇನು?” ಗಾಡಿ ಓಣಿ ತಿರುಗಿತು.

ಅವಳಂದ ‘ಅವ್ವ’ ನಿಮ್ಮ ಕಿವಿಗೆ ಬೀಳಲಿಲ್ಲವೆಂದು ಕಾಣುತ್ತದೆ. ನಾನೂ ಇಷ್ಟು ದಿನ ಸುಮ್ಮನಿದ್ದೆ. ತೀರಿಹೋದವಳ ತಲೆಯ ಮೇಲೆ ಹೊರೆ ಇಟ್ಟು ನಾನು ಹಗುರಾಗುವ ಆಸೆ ಇಲ್ಲ. ಆದರೆ ನಿಮಗೆ ಗೊತ್ತಿಲ್ಲದ ಮಗಳೊಬ್ಬಳು ನನ್ನ ಹತ್ತಿರ ಉಳಿದಿದ್ದಾಳೆ, ಅವಳನ್ನು ನಿಮಗೆ ತೋರಿಸದೆ ಬಚ್ಚಿಟ್ಟುಕೊಳ್ಳುವುದು ನ್ಯಾಯವಲ್ಲ. ಶಂಕ್ರಮ್ಮನನ್ನು ನೀವು ಕಣ್ತುಂಬ ಕಂಡದ್ದು ಅವಳು ಪರಕರ ಉಡುವ ವಯಸ್ಸಿನವರೆಗೆ, ಆಮೇಲೆ ಆ ಕಡೆಯ ಜ್ವರದಲ್ಲಿ. ‘ನನ್ನ ಮಗಳು ಬಾಯಿಸತ್ತ ಹುಡುಗಿ’ ಅಂತ ನೀವು ಇಂದಿಗೂ ಹೇಳುತ್ತೀರಿ. ನಡುವಿನ ವರ್ಷಗಳಲ್ಲಿ, ಈ ಮನೆಯಲ್ಲಿ, ಅವಳು ಭಾಳ ನಗುವ ಹೆಂಗಸಾಗಿದ್ದಳು.

ಒಂದು ಬೇಸಿಗೆಯಲ್ಲಿ ಗಂಗಾವತಿಯಲ್ಲಿ ನಾಟಕ ಕಂಪನಿ ಇಳಿದಿತ್ತು. ಭತ್ತದ ವ್ಯವಹಾರವಿದೆ ಅಂತ ಊರಿಗೆಲ್ಲ ಹೇಳಿ ನಾವಿಬ್ಬರೂ ಹೋದೆವು. ಹುಲಿಗವ್ವ ಯಲಬುರ್ಗಾ ಸೀಮೆಯವಳು; ಮೂಗುತಿ ದೊಡ್ಡದು, ದನಿ ಅದಕ್ಕಿಂತ ದೊಡ್ಡದು. ಅಂದು ಅವಳು ಸೀತೆ. ಅಶೋಕವನದಲ್ಲಿ ತಲೆಗೆ ಕೈಹೊತ್ತು ಕುಳಿತಿದ್ದಳು. ಜನ “ಹಿತ್ತಲ ಬಾಗಲಾ, ಹಿತ್ತಲ ಬಾಗಲಾ” ಅಂತ ಕೂಗು ಹಾಕಿದರು. ಸೀತೆ ಕಣ್ಣೀರು ಒರೆಸಿಕೊಂಡು ಎದ್ದಳು, ಹಾರ್ಮೋನಿಯಂ ಪೇಟಿಯವನಿಗೆ ಸನ್ನೆ ಮಾಡಿದಳು, ಆ ಪದವನ್ನು ಹಾಡಿ ಮುಗಿಸಿ ಮತ್ತೆ ಹೋಗಿ ಅಳುತ್ತ ಕುಳಿತಳು. ಹೆಂಗಸರ ಪರದೆಯ ಆಚೆಯಿಂದ ಒಂದು ನಗೆ ಬಂತು. ಗಂಡಸರ ನಡುವೆ ಕುಳಿತಿದ್ದ ನನಗೆ, ಅದು ಯಾರದೆಂದು ಯಾರೂ ಹೇಳಬೇಕಾಗಲಿಲ್ಲ. ಮುಂದೆ ಅದೇ ಪದದ ತಟ್ಟೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂತು, ಅದರ ಹಿಂದೆ ಪೆಟ್ಟಿಗೆ ಬಂತು. ಎರಡನ್ನೂ ತರಿಸಿದವಳು ಅವಳೇ.

ಅನ್ನಿ ಆಗ ಸಣ್ಣವಳು. “ಅವ್ವಾ, ಮಾವ ಹಿತ್ತಲ ಬಾಗಲದಿಂದ ಯಾಕ ಬರಬೇಕು? ಮುಂದಿನ ಬಾಗಲಕ್ಕ ಏನಾಗೇತಿ?” ಅಂತ ಕೇಳಿತು ಕೂಸು. ನಾನು ವರ್ತಮಾನ ಪತ್ರಿಕೆಯ ಹಿಂದೆ ಅಡಗಿದೆ. ಶಂಕ್ರಮ್ಮ ರೊಟ್ಟಿ ಬಡಿಯುವ ಕೈ ನಿಲ್ಲಿಸದೆ ಚಕ್ರ, ಅಗಳಿ, ಮಾಯೆ, ಮಹಾದೇವ ಎಲ್ಲವನ್ನೂ ಒಂದರ ಹಿಂದೊಂದು ಹೇಳಿದಳು. ಮಗು ನಂಬಿತು. ಇದನ್ನೆಲ್ಲಿ ಕಲಿತೆ ಅಂತ ನಾನು ಕೇಳಿದ್ದಕ್ಕೆ ಅವಳು ಹೇಳಿದ್ದು: “ನಮ್ಮವ್ವನ ಕಡೆ. ಬೀಸೋವಾಗ ಪದಾ ಹಾಡಿ, ‘ಪದದಾಗ ಗಂಡ ಅಂತ ಬಂದ್ರ ನಿಮ್ಮಪ್ಪ ಅಂತ ತಿಳೀಬ್ಯಾಡ, ಶಿವ ಅಂತ ತಿಳಿ’ ಅಂತಿದ್ಲು.” ಬೀಗದ ಕೈ ನಿಮ್ಮದು, ಅತ್ತೆಯವರೇ. ನಿಮ್ಮ ಮಗಳು ಅದನ್ನು ಬೇರೊಂದು ಕದಕ್ಕೆ ಹಾಕಿ ತಿರುವಿದಳು, ಅದೂ ತೆರೆಯಿತು.

ಅವಳ ನಂತರ ಮಕ್ಕಳಿಗೆ ಆ ಪದಗಳನ್ನು ಹಾಕಿದವನು ನಾನೇ, ಹೌದು. ಎಲ್ಲವನ್ನೂ ಹಾಕಲಿಲ್ಲ. ಕೆಲವು ಪದಗಳ ಎರಡನೆಯ ನುಡಿ ಮಹಾದೇವನಿಗೂ ಭಾರವಾದೀತು. ಅಂಥ ಕಡೆ ಧೂಳು ಕೂತಿದೆ ಅಂತ ಮುಳ್ಳು ಎತ್ತಿ ಊದುತ್ತಿದ್ದೆ. “ಅಪ್ಪಾ, ಧೂಳು ಯಾವಾಗ್ಲೂ ಅಲ್ಲೇ ಯಾಕ ಬೀಳ್ತೈತಿ?” ಅಂತ ಈಶಪ್ಪ ಕೇಳಿದ. ಅವನಿಗೆ ‘ಸೈಂಟಿಫಿಕ್ ರೀಜನ್’ ಒಂದನ್ನು ಹೇಳಿದೆ, ಏನೆಂದು ಈಗ ನೆನಪಿಲ್ಲ. ಕಾಲೇಜಿನ ಮಾತು ಎತ್ತಿದಿರಲ್ಲ, ಅದನ್ನೂ ಹೇಳಿಬಿಡುತ್ತೇನೆ. ಧಾರವಾಡದಲ್ಲಿ ನಮ್ಮ ಪ್ರೊಫೆಸರರೊಬ್ಬರು ಕಾವ್ಯದಲ್ಲಿ ‘ಸಬ್ಲೈಮ್’ ಅಂತ ಒಂದು, ‘ವಲ್ಗರ್’ ಅಂತ ಇನ್ನೊಂದು, ನಡುವೆ ಒಂದು ‘ಫೈನ್ ಲೈನ್’, ಅಂದರೆ ಸಣ್ಣ ಗೆರೆ ಇದೆ ಅಂದರು. ಆ ಗೆರೆ ಎಲ್ಲಿ ಅನ್ನುವುದನ್ನು ಮುಂದಿನ ವಾರ ಹೇಳುವವರಿದ್ದರು. ಮುಂದಿನ ವಾರ ನಮ್ಮಪ್ಪ ಲಿಂಗೈಕ್ಯನಾದ ತಾರು ಬಂತು, ನಾನು ಊರಿಗೆ ಬಂದು ಅಂಗಡಿಯ ಗಾದಿಯ ಮೇಲೆ ಕುಳಿತೆ. ಹೀಗಾಗಿ ಆ ಗೆರೆ ನನಗೆ ಇವತ್ತಿಗೂ ಗೊತ್ತಿಲ್ಲ.

ಅನ್ನೀ, ಇದನ್ನು ಆಯಿಗೂ ಕೇಳುವಂತೆ ಗಟ್ಟಿಯಾಗಿ ಓದು. ನಿಮ್ಮವ್ವ ಸುಳ್ಳು ಹೇಳಲಿಲ್ಲ. ಅವಳಿದ್ದಾಗ ಅದು ಚೇಷ್ಟೆಯ ಪದವೇ ಆಗಿತ್ತು, ಇಲ್ಲ ಅನ್ನಲಾರೆ. ನಾವಿಬ್ಬರೂ ಹಾಗೆಯೇ ಕೇಳುತ್ತಿದ್ದೆವು. ಅವಳು ಹೋದ ಮೇಲೆ ಅದೇ ತಟ್ಟೆಯಲ್ಲಿ ಬೇರೆ ಏನೋ ಕೇಳುತ್ತದೆ. ಬರುವವರಿಲ್ಲ ಅಂತ ತಿಳಿದೂ ಅಗಳಿ ಹಾಕಲು ಕೈ ಬಾರದವರ ಸಂಕಟ ಕೇಳುತ್ತದೆ. ಕುಬಸವಿಲ್ಲ, ಗಂಟಿಲ್ಲ, ಬಾರೋ ಅನ್ನುವ ಮಾತೊಂದೇ ಉಳಿಯುತ್ತದೆ. ಅದು ತತ್ವಪದ ಅಲ್ಲದಿದ್ದರೆ ಮತ್ಯಾವುದು ತತ್ವಪದವೋ ನಾನರಿಯೆ. ಮಠದಲ್ಲಿ ನೀನು ಹೇಳಿದ ಅರ್ಥ ಸರಿಯಾಗಿಯೇ ಇತ್ತು, ಮಗಳೇ. ಜಾಗ ಸರಿಯಿರಲಿಲ್ಲ, ಅಷ್ಟೇ.

ಇನ್ನೊಂದು ಮಾತು. ಗಂಟಿನ ಸಾಲು ಮುಗಿದ ಮೇಲೆ ಹುಲಿಗವ್ವ ಒಂದು ಉಸಿರು ತೆಗೆದುಕೊಳ್ಳುತ್ತಾಳೆ, ತಬಲಾದವನು ಅಷ್ಟರಲ್ಲಿ ಒಂದು ಕಿಡಿಗೇಡಿ ಪೆಟ್ಟು ಹಾಕುತ್ತಾನೆ. ಶಂಕ್ರಮ್ಮ ಸದಾ ಆ ಪೆಟ್ಟಿಗೇ ನಗುತ್ತಿದ್ದಳು. ಮೊದಲು ಮೂಗಿನಲ್ಲಿ ತಡೆದು, ಆಮೇಲೆ ತಡೆಯಲಾರದೆ. ಅವಳು ಹೋಗಿ ಎರಡು ವರ್ಷವಾಯಿತು, ಮಕ್ಕಳು ಈಗಲೂ ಅಲ್ಲೇ ನಗುತ್ತವೆ. ಅರ್ಥವಾಗಿ ಅಲ್ಲ, ಅಲ್ಲಿ ನಗಬೇಕು ಅಂತ ಅವು ಕಲಿತದ್ದು ಅವಳಿಂದ. ಕುಷ್ಟಗಿಗೆ ಹೋಗುವ ಮುಂಚಿನ ದಿನಗಳಲ್ಲಿ ಅನ್ನಿ ಮೊದಲು ಮೂಗಿನಲ್ಲಿ ತಡೆಯಲು ಶುರುಮಾಡಿದ್ದಳು. ಅಡಿಗೆಮನೆಯ ಕಡೆಯಿಂದ ಆ ನಗೆ ಬಂದ ಸಂಜೆ ನಾನು ಎದ್ದು ಹೋಗಿ ನೋಡಿದೆ, ಅಷ್ಟು ಹೇಳಿದರೆ ಸಾಕು. ನೀವು ಮಕ್ಕಳನ್ನು ಕರೆದೊಯ್ದ ಮೇಲೆ ತಟ್ಟೆ ಹಾಕಿದೆ. ಹುಲಿಗವ್ವ ಹಾಡಿದಳು, ಉಸಿರು ತೆಗೆದುಕೊಂಡಳು, ಪೆಟ್ಟು ಬಿತ್ತು, ಪದ ಮುಂದೆ ಹೋಯಿತು. ಆಮೇಲೆ ನಾನು ಪೆಟ್ಟಿಗೆಗೆ ಕೀಲಿ ಕೊಟ್ಟಿಲ್ಲ.

ಮುದುಕಮ್ಮ ನಿಮ್ಮ ಕ್ಷೇಮ ಕೇಳಿದ್ದಾಳೆ. ಮಠದಲ್ಲಿ ಬಾಯಿ ಬಿಟ್ಟದ್ದಕ್ಕೆ ಅವಳಿಗೂ ಪಶ್ಚಾತ್ತಾಪವಿದೆ. ಈಶಪ್ಪನ ನೆತ್ತಿಯ ಮೇಲೆ ನನ್ನ ಬದಲಿಗೆ ನೀವೇ ಒಮ್ಮೆ ಕೈಯಿಡಿರಿ. ಅನ್ನಿಯ ಜಡೆ ಬಿಗಿಯಾಗಿ ಹೆಣೆಯಿರಿ, ಸಡಿಲವಾದರೆ ಬಿಚ್ಚಿಕೊಂಡು ತಿರುಗುತ್ತಾಳೆ. ಶಿವನು ಮೂವರನ್ನೂ ಬೆಚ್ಚಗಿಡಲಿ.

ನಿಮ್ಮ ಮಾತು ಮೀರದ ಅಳಿಯ,
ಅಂದಪ್ಪ

ತಾ.ಕ.: ಬಾಬಾಸಾಬ ಎತ್ತು ಹೂಡಿ ಕೂಗುತ್ತಿದ್ದಾನೆ, ಬೇಗ ಬರೆಯುತ್ತೇನೆ. ಪೆಟ್ಟಿಗೆಯನ್ನು ಮನೆಯಿಂದ ಹೊರಗೆ ಹಾಕು ಅಂದಿರಿ, ಹಾಕಿದ್ದೇನೆ. ಹೊರಗೆ ಅಂದರೆ ಎಲ್ಲಿ ಅಂತ ನೀವು ಹೇಳಿರಲಿಲ್ಲ. ಈ ಪತ್ರ ತಂದ ಗಾಡಿಯಲ್ಲೇ, ಹುಲ್ಲಿನ ನಡುವೆ, ನನ್ನ ಕಂಬಳಿಯಲ್ಲಿ ಸುತ್ತಿದೆ; ಹುಷಾರಾಗಿ ಇಳಿಸಿಕೊಳ್ಳಿರಿ. ಕೀಲಿ ಕೊಡುವುದು ಈಶಪ್ಪನಿಗೆ ಗೊತ್ತು. ಒಮ್ಮೆ, ಒಂದೇ ಒಂದು ಸಲ ಕೇಳಿರಿ, ಮಕ್ಕಳು ಎಲ್ಲಿ ನಗುತ್ತವೆ ನೋಡಿರಿ. ಆಮೇಲೆ ಒಡೆಯುವುದಿದ್ದರೆ ಒಡೆಯಿರಿ, ಇಟ್ಟುಕೊಳ್ಳುವುದಿದ್ದರೆ ಇಟ್ಟುಕೊಳ್ಳಿರಿ. ನಾನು ತಿರುಗಿ ಕೇಳುವುದಿಲ್ಲ. ಬಾಬಾಸಾಬ ಸಂತೆ ಮುಗಿಸಿಕೊಂಡು ಹೊರಡುವ ಮೊದಲು ನಿಮ್ಮ ಅಂಗಳಕ್ಕೆ ಬರುತ್ತಾನೆ. ಗಾಡಿ ಖಾಲಿ ಕಳಿಸಬೇಡಿರಿ.