ಬಂಪರಿನ ಗಂಟು

ಗದಗ, ೪-೧೧-೧೯೫೬, ರವಿವಾರ

ಹೊಸ ಕಾರಿನ ಬಂಪರಿಗೆ ಹುಲಗಪ್ಪ ಹಾಕಿದ ಗಂಟು ಬಿಚ್ಚುತ್ತಿಲ್ಲ. ಉಗುರು ಕಿತ್ತು ರಕ್ತ ಬಂತು.

ಮುಂಬಯಿಯಿಂದ ಕಾರು ಇಂದು ರೈಲಿನಲ್ಲಿ ಬಂತು. ವ್ಯಾಗನ್ನಿಗೆ ಹತ್ತಿಸುವ ಮೊದಲು ಪೆಟ್ರೋಲು ಪೂರ್ತಿ ಬಸಿಯುತ್ತಾರೆಂದು ನನಗೆ ಗೊತ್ತಿತ್ತು. ಮೆರವಣಿಗೆಯಂತೆ ಊರು ನೋಡಲೆಂದು ಬೇಕೆಂದೇ ಪೆಟ್ರೋಲಿನ ಡಬ್ಬಿ ಒಯ್ಯಲಿಲ್ಲ. ಹದಿನೆಂಟು ವರ್ಷ ನನ್ನ ಎತ್ತಿನ ಗಾಡಿ ಹೊಡೆದ ಹುಲಗಪ್ಪ, ಅದೇ ಎತ್ತು ಹೂಡಿ, ಏಕೀಕರಣದ ತೋರಣಗಳ ಕೆಳಗೆ ಕಾರನ್ನು ಮನೆತನಕ ಎಳೆಸಿ ತಂದ. ಊರೆಲ್ಲ ನಿಂತು ನೋಡಿತು.

ಬಾಗಿಲಲ್ಲಿ ಹಿರೇವಡ್ಡಟ್ಟಿಯ ಗಿರಾಕಿ ಹೊಸ ಹಗ್ಗ ಹಿಡಿದು ನಿಂತಿದ್ದ. ಎತ್ತು ಮಾರಿದ್ದನ್ನು ನಾನು ಹುಲಗಪ್ಪನಿಗೆ ಹೇಳಿರಲಿಲ್ಲ. ಮಾರಿದ ಎತ್ತಿನ ಜೊತೆ ಮನೆಯ ಹಗ್ಗ ಕೊಡುವುದಿಲ್ಲವಲ್ಲ. ಹೊಸ ಹಗ್ಗ ನೋಡಿಯೇ ಅವನಿಗೆ ತಿಳಿಯಿತು.

"ನೀರ ಕುಡಿಸಿ ಕೊಡ್ತೀನ್ರಿ" ಅಂದ. ಎತ್ತು ಹೋದ ಮೇಲೆ, ಉಳಿದ ಹಗ್ಗದಿಂದ ಕಾರನ್ನು ಗೋದಲಿಯ ಗೂಟಕ್ಕೆ ಕಟ್ಟಿದ.

"ಅದೇನ ಓಡಿ ಹೋಗತೈತೇನಲೇ?" ಎಂದು ನಕ್ಕೆ.

"ಹೊಸಾದೈತ್ರಿ. ಮನಿ ಗುರುತ ಹತ್ತೂತನಕ ಕಟ್ಟಬೇಕ್ರಿ. ನಾಳೆ ಎಷ್ಟಕ್ಕ ಬರ್ಲಿ?"

"ಬರಬ್ಯಾಡ. ಡ್ರೈವರ್ ಬರ್ತಾನ."

ರಾತ್ರಿ ಗಂಟು ಬಿಚ್ಚದೆ ಕೊಯ್ಯಲು ಹೊರಟೆ. "ಎತ್ತಿನ ಹಗ್ಗ ಕೊಯ್ಯಬಾರದ್ರಿ, ಮನಿಗೆ ಒಳ್ಳೇದಲ್ಲ. ಹುಲಗಪ್ಪನ್ನ ಕರೀರಿ" ಎಂದು ಹೆಂಡತಿ ಸುಮಿತ್ರವ್ವ ಗೊಣಗುತ್ತಲೇ ಮಲಗಿದಳು.

ಕರೆಸುತ್ತೇನೆ. ನಾಳೆ ಅವನೇ ಬಂದು ಬಿಚ್ಚಲಿ. ಬಿಚ್ಚಿದ ಮೇಲೆ ಆ ಹಗ್ಗವನ್ನು ಅವನ ಕಣ್ಣೆದುರಿಗೇ ಕೊಯ್ಯುತ್ತೇನೆ.