ಗರಸು ಹಾದಿಯ ಜೋಡಿ ಸೈಕಲ್ಲು

ದಸ್ತಗೀರ ಚಾಚಾ,

ನಿಮ್ಮನ್ನು ನಾನು ಮೊದಲು ನೋಡಿದ್ದು ನನ್ನ ಸೈಕಲ್ ಮಾರಲು ಬಂದ ದಿನ. ಮಚ್ಛೆಯ ನಿಮ್ಮ ಮನೆಯ ಮುಂದೆ ತಗಡಿನ ಚಪ್ಪರ, ಅದರ ಕೆಳಗೆ ತಲೆಕೆಳಗಾಗಿ ನಿಂತ ನಾಲ್ಕಾರು ಸೈಕಲ್ಲುಗಳು, ಅವುಗಳ ನಡುವೆ ಗ್ರೀಸ್ ಮೆತ್ತಿದ ಕೈಯ ನೀವು. ಉದ್ಯಮಬಾಗದ ಕಾರ್ಖಾನೆಯೊಂದರಲ್ಲಿ ಜೀವಮಾನವೆಲ್ಲ ಲೇಥ್ ಯಂತ್ರ ನಡೆಸಿ, ಕೆಲಸ ಬಿಟ್ಟ ಮೇಲೆ ಸೈಕಲ್ ರಿಪೇರಿಗೆ ಕುಳಿತಿದ್ದಿರಿ. ನಾನು ಸದಾಶಿವನಗರದಿಂದ ಟೆಂಪೋದಲ್ಲಿ ಸೈಕಲ್ ಹೇರಿಕೊಂಡು ಬಂದಿದ್ದೆ. "ಹೊಸಾದಿದ್ದಂಗ ಐತೆಲ್ರಿ, ಯಾಕ ಮಾರತೀರಿ?" ಎಂದು ಕೇಳಿದಿರಿ. ಲಾರಿಯೊಂದು ಸವರಿಕೊಂಡು ಹೋಗಿ ನಾನು ಬಿದ್ದದ್ದು, ಹೆಗಲ ಎಲುಬು ಮುರಿದದ್ದು, ಆಮೇಲಿಂದ ಹಿಂದೆ ಹಾರ್ನ್ ಕೇಳಿದರೆ ಸಾಕು ಕೈ ನಡುಗುವುದು, ಸ್ಕೂಟರ್ ಕೂಡ ಬಿಟ್ಟು ಸಾಲೆಗೆ ಬಸ್ಸಿನಲ್ಲಿ ಹೋಗುವುದು... ಅಪರಿಚಿತರ ಮುಂದೆ ಅಷ್ಟೆಲ್ಲ ಯಾಕೆ ಹೇಳಿಕೊಂಡೆನೋ. ನೀವು ಪೂರ್ತಿ ಕೇಳಿ, ಕೈ ಒರೆಸಿಕೊಂಡು, "ಹಾರ್ನ್ ಇಲ್ಲದ ಹಾದಿ ಅದಾವ್ರಿ ಅಕ್ಕೋರ. ಒಂದ ಸಲ ಬಂದು ನೋಡ್ರಿ. ಆಮ್ಯಾಲ ಬೇಕಾದ್ರ ಮಾರ್ರಿ" ಎಂದಿರಿ. ನಾನು ಗಣಿತದ ಟೀಚರ್ ಎಂದು ತಿಳಿದ ಕ್ಷಣದಿಂದ ನಿಮ್ಮ ಬಾಯಲ್ಲಿ ನಾನು ಅಕ್ಕೋರೇ ಆಗಿಬಿಟ್ಟೆ.

ಆ ಮೊದಲ ರವಿವಾರ ನೆನಪಿದೆಯೇ? ನಿಮ್ಮ ಅಳಿಯನ ಹಾಲಿನ ಟೆಂಪೋ ಬೆಳಗಾವಿಯಲ್ಲಿ ಹಾಲು ಇಳಿಸಿ ಖಾನಾಪುರ ತಾಲ್ಲೂಕಿನ ಜಾಂಬೋಟಿ ಕಡೆಗೆ ಮರಳುತ್ತಿತ್ತು. ಖಾಲಿ ಕ್ಯಾನುಗಳ ನಡುವೆ ನಮ್ಮೆರಡು ಸೈಕಲ್ಲು. ಊರು ದಾಟಿ ಒಂದು ಕವಲಿನಲ್ಲಿ ನಮ್ಮನ್ನು ಇಳಿಸಿ ಅಳಿಯ ಹೊರಟುಹೋದ. ಅಲ್ಲಿಂದ ಮುಂದೆ ಡಾಂಬರಿರಲಿಲ್ಲ. ಗರಸು ಕಲ್ಲುಮಣ್ಣು ಹಾಸಿದ ಕೆಂಪು ಹಾದಿ, ಎರಡೂ ಕಡೆ ಕಾಡು, ಎದುರಿಗೆ ಗುಡ್ಡದ ಹಿಂದೆ ಗುಡ್ಡ. ನೀವು ನನ್ನ ಗಾಲಿಗಳ ಗಾಳಿ ತುಸು ಇಳಿಸಿ, "ಗರಸಿನ್ಯಾಗ ಗಾಲಿ ಜಾರತೈತಿ. ಜಾರಲಿ ಬಿಡ್ರಿ. ಹ್ಯಾಂಡಲ್ ಜೋಡಿ ಜಗಳಾ ಮಾಡಬ್ಯಾಡ್ರಿ" ಎಂದಿರಿ. ಬೆಳಗಿನಿಂದ ನಮಗೆ ಎದುರಾದದ್ದು ಎಮ್ಮೆ ಹೊಡೆದುಕೊಂಡು ಹೊರಟ ಅಜ್ಜಿಯೊಬ್ಬಳೇ. ಅವಳು ಮರಾಠಿಯಲ್ಲಿ ಎಲ್ಲಿಗೆಂದು ಕೇಳಿದಳು, ನೀವೂ ಮರಾಠಿಯಲ್ಲೇ ಕೆರೆಯ ತನಕ ಎಂದಿರಿ. ಕೊನೆಯ ಏರು ಹತ್ತಿದಾಗ ಆ ಕೆರೆ ಕಾಣಿಸಿತು, ಮೂರು ಗುಡ್ಡಗಳ ನಡುವೆ, ಮೇಲೊಂದು ಅಲೆಯೂ ಇಲ್ಲದೆ. ದಂಡೆಯಲ್ಲಿ ಇಳಿದಾಗ ಕೈ ನೋಡಿಕೊಂಡೆ. ನಡುಗುತ್ತಿರಲಿಲ್ಲ.

ಅಂದಿನಿಂದ ನಾವು ರವಿವಾರ ಬಿಟ್ಟಿದ್ದು ಕಡಿಮೆ. ಕವಲಿನಲ್ಲಿ ಇಳಿದ ಕೂಡಲೇ ನೀವು ಹೇಳುತ್ತಿದ್ದ ಮಾತು ಒಂದೇ: "ಮುಂದ ನೀವು ನಡೀರಿ ಅಕ್ಕೋರ, ನಾ ಹಿಂದ ಬರತೀನಿ." ಹೆಣ್ಣುಮಗಳೆಂಬ ಮರ್ಯಾದೆ ಇರಬೇಕು ಎಂದುಕೊಂಡಿದ್ದೆ. ಮುಂದೆ ಹೋಗಿ ಹೋಗಿ ನನಗೆ ಧೈರ್ಯ ಬರಲಿ ಎಂದಿರಬೇಕು ಎಂದೂ ಅಂದುಕೊಂಡಿದ್ದೆ. ಎರಡು ವರ್ಷ ನಿಮ್ಮ ಜೊತೆ ತಿರುಗಿಯೂ ನಾನು ನಿಮ್ಮನ್ನು ಸರಿಯಾಗಿ ನೋಡಲೇ ಇಲ್ಲವಲ್ಲ ಚಾಚಾ?

ಮಳೆಗಾಲ ಮುಗಿದ ಮೇಲಿನ ಆ ರವಿವಾರ ಇಳುಕಲಿನಲ್ಲಿ ಹಾದಿಯ ಬಲ ಅಂಚು ಕೊಚ್ಚಿಹೋಗಿತ್ತು. ಮೊಣಕಾಲಿನಷ್ಟು ಆಳದ ಕೊರಕಲು. ನಾನು ಎಡಕ್ಕೆ ಸರಿದು ದಾಟಿದೆ. ಹಿಂದಿನಿಂದ ಸದ್ದು ಕೇಳಿ ತಿರುಗಿದರೆ ನೀವು ಸೈಕಲ್ ಸಮೇತ ಕೊರಕಲಿನಲ್ಲಿ. ಅಷ್ಟು ದೊಡ್ಡದು ಕಾಣಲಿಲ್ಲವೇ ಎಂದು ಗಾಬರಿಯಲ್ಲಿ ಕೂಗಿದೆ. ಮೊಣಕಾಲಿನ ರಕ್ತವನ್ನು ಟವೆಲಿನಿಂದ ಒತ್ತಿ ಹಿಡಿದು, ನೀವು ಮೆಲ್ಲಗೆ, "ಇಲ್ರೀ, ಕಾಣಲಿಲ್ಲ" ಎಂದಿರಿ. ಆಮೇಲೆ ಅಲ್ಲೇ ಕುಳಿತು ಹೇಳಿದಿರಿ. "ಕಣ್ಣಿನ ನರ ಒಣಗಾಕತ್ತೈತಿ ಅಂದಾರ ಡಾಕ್ಟರ್. ನಡುಕಿಂದಷ್ಟ ಕಾಣತೈತಿ, ಪೈಪಿನ್ಯಾಗಿಂದ ನೋಡಿದಂಗ. ಬಾಜು ಎಲ್ಲಾ ಕತ್ತಲಿ. ಲೇಥ್ ಬಿಟ್ಟಿದ್ದೂ ಅದಕ್ಕ. ರೋಡಿನ್ಯಾಗ ಗಾಡಿ ಎತ್ತಾಗಿಂದ ಬರತಾವ ತಿಳಿಯಂಗಿಲ್ಲ. ಇಲ್ಲೆ ಯಾರೂ ಬರಂಗಿಲ್ಲಲ್ಲ... ನಿಮ್ಮ ಕೆಂಪು ಓಢಣಿ ನೋಡಿಕೋತ ಹಿಂದ ಬರತಿದ್ದೆ."

ನನ್ನ ಭಯ ಬಿಡಿಸಲು ಕರೆತಂದವರು ಎಂದುಕೊಂಡಿದ್ದೆ. ನಿಮ್ಮೊಳಗೂ ಅಷ್ಟೇ ಭಯ ಇತ್ತೇ? "ಚಾಚಿಗೆ ಹೇಳಬ್ಯಾಡ್ರಿ. ಹೇಳಿದ್ರ ಆಕಿ ನನ್ನ ಹೊಸ್ತಿಲಾ ದಾಟಾಕ ಬಿಡಂಗಿಲ್ಲ" ಎಂದು ಕೈ ಮುಗಿದಿರಿ. ನನಗೆ ಸಿಟ್ಟು ಬಂತು. ನನ್ನ ಸಾಲೆಯ ದನಿ ನಿಮ್ಮ ಮೇಲೂ ಹೊರಟಿತು. "ನನ್ನ ಜೋಡಿ ಬರೂದಾದ್ರ ಮೊದಲ ಚಾಚಿಗೆ ಹೇಳ್ರಿ. ಇಲ್ಲಾಂದ್ರ ನಾನೂ ಬರಂಗಿಲ್ಲ." ಮುಂದಿನ ವಾರ ಫೋನಿಲ್ಲ. ಅದರ ಮುಂದಿನ ವಾರವೂ ಇಲ್ಲ.

ಒಂದು ಸಂಜೆ, ತಿಂಗಳು ಕಳೆದಿತ್ತು, "ಬಂದು ಹೋಗ್ರಿ" ಎಂದು ಕರೆದಿರಿ. ಚಪ್ಪರದ ಕೆಳಗೆ ನಿಂತಿತ್ತು ಆ ವಿಚಿತ್ರ. ಎರಡು ಹಳೆಯ ಸೈಕಲ್ಲುಗಳನ್ನು ಕತ್ತರಿಸಿ, ಕಾರ್ಖಾನೆಯ ಗೆಳೆಯರ ಕೈಯಲ್ಲಿ ವೆಲ್ಡಿಂಗ್ ಮಾಡಿಸಿ, ಒಂದರ ಹಿಂದೆ ಒಂದು ಸೀಟು, ಎರಡು ಜೋಡಿ ಪೆಡಲ್, ಉದ್ದನೆಯ ಚೈನು. "ಮುಂದ ನೀವು, ಹಿಂದ ನಾ. ಇನ್ನ ಬೀಳೂದಾದ್ರ ಇಬ್ಬರೂ ಕೂಡೇ ಬೀಳೂಣು" ಎಂದು ನಕ್ಕಿರಿ. ನಾನೂ ನಕ್ಕೆ. ಚಾಚಿಯ ಮಾತು ತೆಗೆದಾಗ ರಮಜಾನ್ ಮುಗಿಯಲಿ ಎಂದಿರಿ. ರಮಜಾನ್ ಮುಗಿದಾಗ ಮೊಮ್ಮಗಳ ಪರೀಕ್ಷೆ ಮುಗಿಯಲಿ ಎಂದಿರಿ. ನಾನು ಮತ್ತೆ ಪಟ್ಟು ಹಿಡಿಯಬೇಕಿತ್ತು. ಹಿಡಿಯಲಿಲ್ಲ. ನನಗೂ ಆ ಹಾದಿ ಬೇಕಾಗಿತ್ತು, ಚಾಚಾ.

ಹಿಂದಿನ ಸೀಟಿನಿಂದ ನೀವು ಕೇಳುತ್ತಿದ್ದ ಪ್ರಶ್ನೆಗಳು! "ಎಡಕ್ಕೇನೈತಿ?" ಎಂದರೆ ಕೆರೆ ಎನ್ನುತ್ತಿದ್ದೆ. "ನೀರು ಎಂಥಾ ಬಣ್ಣ?" ಹಸಿರು. "ಎಂಥಾ ಹಸರ್ರೀ? ಎಲಿ ಹಸರೋ, ಬಾಟ್ಲಿ ಹಸರೋ?" ಗಣಿತ ಕಲಿಸುವವಳಿಗೆ ಹಸಿರು ಎಂದರೆ ಹಸಿರು, ಅಷ್ಟೇ. ನಿಮಗೆ ಹೇಳಬೇಕೆಂದು ನಾನು ನೋಡಲು ಕಲಿತೆ. ಬೆಳಿಗ್ಗೆ ಬಾಟ್ಲಿ ಹಸಿರಿದ್ದ ನೀರು ಬಿಸಿಲೇರಿದಾಗ ಬೂದಿ ಬಣ್ಣಕ್ಕೆ ತಿರುಗುವುದು, ಬಿದಿರ ಮೆಳೆಯ ನೆರಳಲ್ಲಿ ಕಪ್ಪಾಗುವುದು. ಒಂದು ಸಲ ದಂಡೆಗೆ ಕಾಡುಕೋಣ ಬಂದು ನಿಂತಾಗ ನಿಮ್ಮ ಕಡೆ ತಿರುಗಿ ಪಿಸುಗುಟ್ಟಿದೆ. "ಕಾಲಿಗೆ ಬಿಳಿ ಕಾಲುಚೀಲ ಹಾಕ್ಕೊಂಡಂಗ ಐತೇನು ಇನ್ನೂ?" ಎಂದು ಕೇಳಿದಿರಿ. ಅಂದು ನನ್ನನ್ನು ಮೊದಲ ಸಲ ಬೇಟಿ ಎಂದಿರಿ.

ಆ ಶುಕ್ರವಾರ ಸಾಲೆಗೆ ಫೋನ್ ಬಂತು. ನಮಾಜಿಗೆಂದು ಹೊರಟವರು ಅಂಗಳದಲ್ಲೇ ಎದೆ ಹಿಡಿದು ಕುಸಿದಿರಂತೆ. ಜೊತೆಯ ಟೀಚರ್ ಒಬ್ಬರ ಸ್ಕೂಟರ್ ಕೀ ಇಸಿದುಕೊಂಡು ಹೊರಟೆ. ಶಿಫ್ಟ್ ಬಿಡುವ ಹೊತ್ತು, ಲಾರಿ, ಬಸ್ಸು, ಹಾರ್ನು. ನಿಮ್ಮ ಮನೆಯ ಮುಂದೆ ಸ್ಟ್ಯಾಂಡ್ ಹಾಕುವಾಗಲೇ ಗೊತ್ತಾದದ್ದು, ಆ ರಸ್ತೆಯನ್ನು ನಾನೊಬ್ಬಳೇ ದಾಟಿ ಬಂದೆನೆಂದು. ಹೇಳಲು ನೀವಿರಲಿಲ್ಲ.

ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿದು ಬಂದವರೆಲ್ಲ ಹೋದ ಮೇಲೆ ನಾನು ಚಾಚಿಯ ಎದುರು ಕುಳಿತೆ. ಬಾಯಿಪಾಠ ಮಾಡಿಕೊಂಡು ಬಂದದ್ದೆಲ್ಲ ಮರೆತುಹೋಯಿತು. "ಚಾಚಾಗ ಕಣ್ಣು ಕಾಣತಿರಲಿಲ್ರಿ. ನನಗ ಗೊತ್ತಿತ್ತು. ಗೊತ್ತಿದ್ದೂ ಕರಕೊಂಡು ಹೋಗತಿದ್ದೆ. ನಿಮಗ ಹೇಳಲಿಲ್ಲ" ಎಂದಷ್ಟೇ ಹೇಳಿ ತಲೆ ತಗ್ಗಿಸಿದೆ. ಬೈಯುತ್ತಾರೆಂದು ಕಾದೆ.

ಚಾಚಾ, ನೀವು ಕೇಳದ ಸುದ್ದಿ ಇದು. ಚಾಚಿಗೆ ಎಲ್ಲ ಗೊತ್ತಿತ್ತು.

"ನನಗ ನಿನಕಿಂತ ಮೊದಲ ಗೊತ್ತವ್ವಾ," ಎಂದರು. "ಚಹಾದ ಕಪ್ಪು ಬಾಜು ಇಟ್ರ ಕೈಲೆ ಸವರಿ ಹುಡುಕತಿದ್ರು. ಅವತ್ತಿಂದ ಎದುರಿಗೇ ಇಡತಿದ್ದೆ. ಪಡಸಾಲ್ಯಾಗಿನ ಸ್ಟೂಲು, ನೀರಿನ ಕೊಡ, ಎಲ್ಲಾ ಗೋಡಿಗೆ ಸರಸಿದೆ. ಸ್ಪ್ಯಾನರ್ ಡಬ್ಬ್ಯಾಗ ಕಣ್ಣಿನ ಔಷಧ ಮುಚ್ಚಿಟ್ಟಿದ್ರು. ಹಾಕ್ಕೋತಾರೋ ಇಲ್ಲೋ ಅಂತ ದಿನಾ ಬಾಟ್ಲಿ ಎತ್ತಿ ನೋಡತಿದ್ದೆ." ಮತ್ತೆ ಯಾಕೆ ಕೇಳಲಿಲ್ಲ ಎಂದೆ. ಚಾಚಿ ಸೆರಗಿನಿಂದ ಮೂಗು ಒರೆಸಿಕೊಂಡರು. "ಕೇಳಿದ್ರ ಸೈಕಲ್ ಬಿಟ್ಟು ಮನ್ಯಾಗ ಕುಂದರತಿದ್ರು. ಮನ್ಯಾಗ ಕುಂತು ಸೊರಗೂದು ನನಗ ನೋಡಾಕ ಆಗತಿರಲಿಲ್ಲ. ಎರಡು ಸೀಟಿನ ಸೈಕಲ್ ಬಂದ ದಿನ ನಾ ನಿಶ್ಚಿಂತಿಂದ ಮಲಗೀನಿ, ಬೇಟಿ."

ನೀವಿಬ್ಬರೂ ಒಬ್ಬರಿಗೊಬ್ಬರು ಹೇಳದೆ... ಏನು ಜನರೋ ನೀವು!

ಹೊರಗೆ ಹೋಗಬಾರದ ಇದ್ದತ್ತಿನ ದಿನಗಳು ಮುಗಿದ ಮೇಲೆ, ನಿನ್ನೆ ರವಿವಾರ, ಚಾಚಿಯನ್ನು ಕರೆದುಕೊಂಡು ಹೋಗಿದ್ದೆ. ಸೀರೆ ಬಿಟ್ಟು ಮಗಳ ಸಲ್ವಾರ್ ತೊಟ್ಟು, ನಿಮ್ಮ ಸೀಟಿನಲ್ಲಿ ಕುಳಿತು, ನನ್ನ ಸೊಂಟ ಗಟ್ಟಿಯಾಗಿ ಹಿಡಿದು "ಯಾ ಅಲ್ಲಾ" ಎನ್ನುತ್ತಲೇ ಇದ್ದರು. ಅರ್ಧ ಹಾದಿಯ ಮೇಲೆ ಹಿಡಿತ ಸಡಿಲಾಯಿತು. ಆಮೇಲೆ ಪೆಡಲ್ ಹಗುರಾಯಿತು, ಅವರೂ ತುಳಿಯುತ್ತಿದ್ದರು. ಕೆರೆಯ ದಂಡೆಯಲ್ಲಿ ಇಳಿದು ನೀರಿನಂಚಿನ ತನಕ ನಡೆದು ಹೋದರು. "ಇಷ್ಟು ಚಂದದ್ದು ಒಬ್ಬರ ನೋಡಿ ಹೋದ್ರಲ್ಲ, ಸುಳ್ಳಬುರಕ" ಎಂದು ಬೈದು ಅತ್ತರು. ನಾನು ಪಕ್ಕದಲ್ಲಿ ಕುಳಿತೆ. ಮರಳಿ ಹೊರಡುವಾಗ ಹ್ಯಾಂಡಲ್ ಮೇಲೆ ಕೈಯಿಟ್ಟು, ಸಣ್ಣ ದನಿಯಲ್ಲಿ, "ಮುಂದ ಕುಂದರೂದು ನನಗೂ ಕಲಸ್ತೀಯೇನ?" ಎಂದರು.

ಕಲಿಸುತ್ತೇನೆ, ಚಾಚಾ. ಬೀಳುತ್ತಾರೆ, ಏಳುತ್ತಾರೆ. ಕಲಿಯುವ ತನಕ ಹಿಂದೆ ನಾನಿರುತ್ತೇನೆ.

ನಿಮ್ಮ ಬೇಟಿ,
ಗಿರಿಜಾ